ಮೇಲಿನ ಸಾಲಿನ ರೀಸ್ಲಿಂಗ್

ಸುಮಾರು ಎಂಟು ವರ್ಷದ ಹಿಂದೆ ನಾನು ಸರಗೂರಿನ ಆಚೆ, ಕಬಿನಿ ದಡದ ಕಡಿದಾದ ಇಳಿಜಾರಿನಲ್ಲಿದ್ದ ವೈನ್ ದ್ರಾಕ್ಷಿ ತೋಟವೊಂದರ ಮೇಸ್ತ್ರಿಯಾಗಿದ್ದೆ. ಎಸ್ಸೆಸ್ಸೆಲ್ಸಿ ಓದಿದ್ದರಿಂದ ಅಳತೆಯ ಪುಸ್ತಕವೂ ನನ್ನ ಕೈಯಲ್ಲೇ ಇತ್ತು.

ಅಲ್ಲಿ ಬೆಳೆಯುತ್ತಿದ್ದುದು ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿ. ಮೂವತ್ತು ವರ್ಷದ ಬಳ್ಳಿಗಳು, ಬುಡ ಮುಂಗೈ ಗಾತ್ರ. ಹಳೇ ಬಳ್ಳಿಯಲ್ಲಿ ಗೊಂಚಲು ಕಡಿಮೆ, ರಸ ಗಟ್ಟಿ. ಕೊಯ್ಲಿನ ದಿನ ಗೊತ್ತುಮಾಡಲು ರಿಫ್ರಾಕ್ಟೋಮೀಟರ್ ಇತ್ತು. ಗಾಜಿನ ಮೇಲೆ ಎರಡು ಹನಿ ರಸ ಬಿಟ್ಟು ಬೆಳಕಿಗೆ ಹಿಡಿದರೆ ಸಕ್ಕರೆಯ ಅಂಕಿ ಕಾಣುತ್ತದೆ. ಇಪ್ಪತ್ತೊಂದು ಬಂದರೆ ಕೊಯ್ಲು. ಪ್ರತಿ ಸಾಲಿನಲ್ಲೂ ನೋಡಬೇಕು. ಆ ವರ್ಷ ನನಗೆ ಮಂಡಿನೋವು. ಹೊಳೆ ಪಕ್ಕದ ಕೆಳಸಾಲುಗಳನ್ನಷ್ಟೇ ನೋಡಿ, ಅದೇ ಅಂಕಿಯನ್ನು ಬಿಸಿಲು ಹೆಚ್ಚು ಬೀಳುವ ಮೇಲಿನ ಸಾಲುಗಳಿಗೂ ಬರೆದೆ.

ಕೆಲಸಕ್ಕೆ ಬರುವ ಹೆಂಗಸರಲ್ಲಿ ಯಾರನ್ನೂ ನಾನು ನಂಬುತ್ತಿರಲಿಲ್ಲ. ಸಂಜೆ ಬುತ್ತಿ ಡಬ್ಬಿ ತೆರೆಸಿ ನೋಡುತ್ತಿದ್ದೆ. ಯಾರಾದರೂ ಕೆಮ್ಮಿದರೆ ಬಾಯಲ್ಲಿ ಹಣ್ಣಿದೆಯೇನೋ ಅನ್ನಿಸುತ್ತಿತ್ತು.

ಅಂತರಸಂತೆ ಕಡೆಯ ಚಿಕ್ಕತಾಯಮ್ಮ ಒಂದು ಮಧ್ಯಾಹ್ನ ಹೇಳಿದಳು: "ಮ್ಯಾಲಿನ ಸಾಲು ಮಾಗೋಗದೆ ಕಣಣ್ಣ. ಇನ್ನೂ ಬುಟ್ರೆ ಕೊಳೀತದೆ."

"ನಿಂಗೆಂಗ್ ಗೊತ್ತು? ತಿಂದ್ ನೋಡ್ದ್ಯಾ?"

"ಜೇನ್ನೊಣ ಮುತ್ಕಂಡವೆ, ಮ್ಯಾಲತ್ತಿ ನೋಡಿ. ನಿಮ್ ಮಿಷಿನ್‌ಗೂ ಮಂಡಿ ನೋವಾ?"

ಎಲ್ಲರೂ ನಕ್ಕರು. ಹಣ್ಣು ಕದಿಯಲೆಂದೇ ಈಕೆ ಮೇಲೆ ಓಡಾಡುತ್ತಾಳೆ ಎಂದು ನಾನು ತೀರ್ಮಾನಿಸಿದೆ. ಮಾರನೇ ಸಂಜೆ ಅವಳ ಡಬ್ಬಿಯಲ್ಲಿ ಒಂದು ಗೊಂಚಲು ಸಿಕ್ಕಿತು. "ನಿಮ್ಗೆ ತೋರ್ಸಕ್ಕೇ ತಂದಿದ್ದು ಕಣಣ್ಣ" ಎಂದಳು. ನಾನು ಎಲ್ಲ ಹೆಂಗಸರ ಎದುರೇ ಮಾಲೀಕರನ್ನು ಕರೆದೆ. ಅಂದೇ ಅವಳ ಕೆಲಸ ಹೋಯಿತು.

ಅವಳು ಹೋದ ಮೇಲೆ ಆ ಗೊಂಚಲಿನ ಒಂದು ಹಣ್ಣನ್ನು ಹಿಂಡಿ ನೋಡಿದೆ. ಇಪ್ಪತ್ತೆರಡು. ಪುಸ್ತಕದಲ್ಲಿ ಮೇಲಿನ ಸಾಲಿಗೆ ನಾನು ಬರೆದದ್ದು ಹದಿನೇಳು.

ಆಗಲೇ ಹೇಳಬಹುದಿತ್ತು. ಹೇಳಿದರೆ ನಾನು ತಿಂಗಳಿಂದ ಮೇಲೆ ಹತ್ತಿಲ್ಲವೆಂದು ಗೊತ್ತಾಗುತ್ತಿತ್ತು. ಸುಮ್ಮನಾದೆ. ವಾರದಲ್ಲಿ ಮೇಲಿನ ಸಾಲುಗಳು ಕೊಳೆತವು. ಇಬ್ಬನಿ ಹೆಚ್ಚಾಯಿತು ಎಂದೆ, ಮಾಲೀಕರು ನಂಬಿದರು. ಕಳ್ಳಿ ಎಂಬ ಹೆಸರು ಹೊತ್ತ ಚಿಕ್ಕತಾಯಮ್ಮನನ್ನು ಸುತ್ತಲಿನ ಯಾವ ತೋಟದವರೂ ಸೇರಿಸಲಿಲ್ಲ. ಅವಳು ಕೊಡಗಿನ ಕಾಫಿ ತೋಟಕ್ಕೆ ಹೋಗಬೇಕಾಯಿತು.

ನಾನು ಕೆಲಸ ಬಿಟ್ಟ ಮೇಲೆ, ಕಳೆದ ವರ್ಷ, ಅವಳು ಊರಿಗೆ ಬಂದಾಗ ಹೋಗಿ ಎಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಲೇ ಕೇಳಿದಳು.

"ನಾನ್ ಕದ್ದಿಲ್ಲ ಅಂತ ನಂಗೊತ್ತಿಲ್ವಾ? ನಂಗ್ಯಾಕ್ ಏಳ್ತೀರಿ, ಅವತ್ತು ನಿಂತು ನೋಡ್ದೋರಿಗೆ ಏಳಿ."

ಮರುದಿನ ತೋಟಕ್ಕೆ ಹೋಗಿ, ಮಾಲೀಕರ ಮುಂದೆ, ಆ ಹೆಂಗಸರ ಮುಂದೆ ಹೇಳಿದೆ. ಮಾಲೀಕರು ಅವಳಿಗೆ ಮತ್ತೆ ಕೆಲಸಕ್ಕೆ ಬರಲು ಹೇಳಿ ಕಳಿಸಿದರು. ಅವಳು ಬರಲಿಲ್ಲ.

ಅಳತೆ ಬರೆಯುವವನು ಅಳೆಯುವ ಜಾಗಕ್ಕೆ ಹೋಗಲೇಬೇಕು. ಕಾಲು ಸೋತ ದಿನ, ಆಗುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ನಾನು ಅಷ್ಟು ಹೇಳಿದ್ದರೆ ಚಿಕ್ಕತಾಯಮ್ಮ ತನ್ನೂರಿನಲ್ಲೇ ದುಡಿಯುತ್ತಿದ್ದಳು.