ಚೌಡಿಗೆ ಬಿಟ್ಟ ಹುಂಜಗಳು

ನಮ್ಮವ್ವ ಮುದ್ದಮ್ಮನಿಗೆ ಹರಕೆ ಹೊರುವುದು ಗೊತ್ತಿರಲಿಲ್ಲ. ಬೇರೆಯವರು ಒಂದು ತೆಂಗಿನಕಾಯಿ, ಹೆಚ್ಚೆಂದರೆ ಒಂದು ಹುಂಜ ಎಂದು ಅಳೆದು ಸುರಿದು ಹೇಳಿಕೊಂಡರೆ ಇವಳು ಬಾಯಿಗೆ ಬಂದದ್ದನ್ನೆಲ್ಲ ಹೇಳಿಬಿಡುತ್ತಿದ್ದಳು. ಗೋಣಿಬೀಡಿನಾಚೆ ಒಬ್ಬ ಬಿಳಿ ದೊರೆಯ ಕಾಫಿ ತೋಟದಲ್ಲಿ ನಾವು ಕೂಲಿಗಿದ್ದೆವು. ಅಪ್ಪ ತೀರಿಹೋಗಿದ್ದ. ಕೂಲಿಯವರ ಲೈನಿನ ಕೊನೆಯ ಮನೆಯಲ್ಲಿ ಅವ್ವ, ನಾನು, ಅವಳ ಕೋಳಿಗಳು, ಇಷ್ಟೇ ನಮ್ಮ ಸಂಸಾರ. ಯುಗಾದಿ ಕಳೆದ ಹೊಸದರಲ್ಲಿ ನನಗೆ ಚಳಿಜ್ವರ ಬಂದು ಬದುಕುವ ಆಸೆಯೇ ಇಲ್ಲದಂತಾಯಿತು. ಆಗ ಮೂಲೆಯ ಕುಕ್ಕೆಯಲ್ಲಿ ಕರಿ ಹೇಂಟೆಯೊಂದು ಕಾವಿಗೆ ಕೂತಿತ್ತು. ದೇವೀರಿ ಎದ್ದು ಕೂತರೆ ಈ ಕಾವಿನಲ್ಲಿ ಹುಟ್ಟುವ ಹುಂಜಗಳೆಲ್ಲ ನಿನಗೇ ಎಂದು ಅವ್ವ ತೋಟದಂಚಿನ ಚೌಡಿಗೆ ಕೈಮುಗಿದು ಹೇಳಿಬಿಟ್ಟಳು. ದೇವೀರಿ ಅಂದರೆ ನಾನು.

ನಾನೇನೋ ಎದ್ದು ಕೂತೆ. ಮರಿಗಳೂ ಮೊಟ್ಟೆಯೊಡೆದು ಬಂದವು. ಆದರೆ ಮಲೆನಾಡಿನ ಮಳೆಗಾಲದಲ್ಲಿ ಕೋಳಿಮರಿ ಸಾಕುವುದೆಂದರೆ ಹಸುಗೂಸು ಸಾಕಿದ ಹಾಗೆ. ಥಂಡಿ ತಾಗದಂತೆ ಒಲೆಯ ಪಕ್ಕದಲ್ಲೇ ಕುಕ್ಕೆ, ಬಿಸಿಲು ಬಿದ್ದರೆ ಅಂಗಳಕ್ಕೆ ಬಿಟ್ಟು ಹದ್ದು ಬಾರದಂತೆ ಕಾವಲು. ಕೆಲಸದಿಂದ ಬರುವಾಗ ಅವ್ವ ಹುತ್ತ ಕೆದಕಿ ಎಲೆಯಲ್ಲಿ ಗೆದ್ದಲು ಕಟ್ಟಿ ತರುತ್ತಿದ್ದಳು. ಜ್ವರದಿಂದೆದ್ದ ನನಗಿಂತ ಅವುಗಳ ಉಪಚಾರವೇ ಜೋರಾಗಿತ್ತು. ಇಷ್ಟೆಲ್ಲ ಮಾಡಿದ ಮೇಲೆ ಜುಟ್ಟು ಕೆಂಪಾಗುತ್ತ ಬಂದಾಗ ನೋಡಿದರೆ ಒಂದೇ ಒಂದು ಹೇಂಟೆ, ಉಳಿದ ಎಂಟೂ ಹುಂಜ. ಪಕ್ಕದ ಮನೆಯ ಭಾಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಮಾತ್ರ ಸಿಟ್ಟು ಬಂತು. ಮೂರೋ ನಾಲ್ಕೋ ಹುಂಜವಾದೀತೆಂದು ಅವ್ವ ಎಣಿಸಿದ್ದಳು. ಆಡಿದ ಮಾತನ್ನು ನುಂಗುವ ಹಾಗಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಅವು ಕೂಗಲು ಕಲಿತವು. ಒಂದು ಶುರುಮಾಡಿದರೆ ಉಳಿದವಕ್ಕೆ ಸುಮ್ಮನಿರಲು ಏನು ರೋಗ? ಮೇಲಿನ ಬಂಗಲೆಯಲ್ಲಿ ದೊರೆಸಾನಿಗೆ ನಿದ್ದೆ ಹೋಯಿತಂತೆ. ಮೇಸ್ತ್ರಿ ಕೆಂಪಯ್ಯ ಬಂದು, ಭಾನುವಾರದೊಳಗೆ ಲೈನಿನಲ್ಲಿ ಒಂದು ಹುಂಜವೂ ಇರಕೂಡದು ಎಂದು ಹೇಳಿಹೋದ. ಚೌಡಿಯ ಪೂಜೆ ಕಾಫಿ ಕೊಯ್ಲು ಮುಗಿದ ಮೇಲೆ. ಅಲ್ಲಿಯವರೆಗೆ ಹರಕೆಯ ಕೋಳಿಯನ್ನು ಕೊಯ್ಯುವಂತಿಲ್ಲ, ಮಾರುವಂತಿಲ್ಲ. ಈಗ ಮಾರಿ ಆಮೇಲೆ ಬೇರೆ ಕೊಂಡರಾಯಿತು ಎಂದ ಭಾಗಮ್ಮನ ಮೇಲೆ ಅವ್ವ ಹರಿಹಾಯ್ದಳು. ಆ ಹುಂಜಗಳಲ್ಲಿ ಒಂದಕ್ಕೆ ಏನಾದರೂ ಆದರೆ ಅದು ನನಗೇ ಆದಂತೆ ಎಂದು ಅವಳು ನಂಬಿದ್ದಳು. ನಿಜ ಹೇಳಬೇಕೆಂದರೆ ನಾನೂ ನಂಬಿದ್ದೆ, ಹೆದರಿಯೂ ಇದ್ದೆ.

ಕುಕ್ಕೆ ಹೊತ್ತು ಸುತ್ತಲಿನ ಊರುಗಳಲ್ಲಿ ಮನೆ ಮನೆ ಅಲೆದೆವು. ಒಬ್ಬರಿಗೆ ತಮ್ಮ ಹುಂಜದೊಡನೆ ಕಾದಾಡುತ್ತದೆಂಬ ಚಿಂತೆ, ಇನ್ನೊಬ್ಬರಿಗೆ ಮೊಟ್ಟೆ ಇಡದ ಕೋಳಿಗೆ ಭತ್ತ ಯಾಕೆ ಹಾಕಬೇಕೆಂಬ ತಕರಾರು. ಹೇಂಟೆಯಿದ್ದರೆ ಕೊಡಿ ಎಂದು ಎಲ್ಲರೂ ಕೇಳುವವರೇ. ಕಾಲು ಸೋತು ಅಳು ಬರುವಷ್ಟಾದ ಮೇಲೆ ಕೆಳಗಿನ ಊರಿನಲ್ಲಿ ಒಂದೊಂದಾಗಿ ಮನೆ ಸಿಕ್ಕವು. ಕೆಂಪಯ್ಯನೇ ಕನಿಕರ ತೋರಿಸಿ ಎರಡನ್ನು ಲೈನಿನಾಚೆಯ ತನ್ನ ಮನೆಗೆ ಒಯ್ದ. ಕೊನೆಗೆ ಉಳಿದ ಒಂದನ್ನು ಗೋಣಿಬೀಡಿನ ಸಂತೆಯಲ್ಲಿ ಕೋಳಿ ಮಾರುವ ನಿಜಾಮುದ್ದೀನ್ ಸಾಬರು ಇಟ್ಟುಕೊಳ್ಳಲು ಒಪ್ಪಿದರು. ಕೋಳಿ ಮಾರುವವರ ಕೈಗೆ ಕೊಡಲು ಮಾತ್ರ ಅವ್ವ ಹಿಂದೆಮುಂದೆ ನೋಡಿದಳು. ಇದು ಚೌಡಿಯದು, ಪೂಜೆಯ ಹಿಂದಿನ ದಿನ ಬರುತ್ತೇವೆ ಎಂದು ಎಲ್ಲರಿಗೂ ಹೇಳಿದ್ದಳು.

ಆ ದಿನ ಬಂತು. ಹೋದ ಮನೆಯಲ್ಲೆಲ್ಲ ಒಂದೊಂದು ಕಥೆ. ಒಂದನ್ನು ಕಾಡುಬೆಕ್ಕು ಹಿಡಿದಿತ್ತು, ಒಂದು ಬಾವಿಗೆ ಬಿದ್ದಿತ್ತು, ಒಂದಕ್ಕೆ ಕುತ್ತಿಗೆ ವಾಲುವ ಬೇನೆ ಬಂದಿತ್ತು. ಕೆಂಪಯ್ಯನ ಎರಡನ್ನೂ ನರಿ ಒಯ್ದಿತ್ತಂತೆ.

"ಎಂತ ಮಾಡದು ಮುದ್ದಮ್ಮ, ಕಣ್ಣೆದುರಿಗೇ ಹೊತ್ಕಂಡೋಯ್ತು" ಎಂದ.

ಅವನ ಹಿತ್ತಲಿನ ಗೊಬ್ಬರಗುಂಡಿಯಲ್ಲಿ ಸುಟ್ಟ ಕೋಳಿಕಾಲುಗಳು ಬಿದ್ದಿದ್ದವು. ನರಿ ಕೋಳಿಯನ್ನು ಸುಟ್ಟು ತಿನ್ನುವುದು ನನಗೆ ಅಂದೇ ಗೊತ್ತಾದದ್ದು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ನನಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು. ಪ್ರತಿ ಮನೆಯಿಂದ ಹೊರಬೀಳುವಾಗಲೂ ಅವ್ವ ನನ್ನ ಮುಖ ನೋಡುತ್ತಿದ್ದಳು.

ನಿಜಾಮುದ್ದೀನ್ ಸಾಬರ ಮನೆಯಲ್ಲಿ ಮಾತ್ರ ನಮ್ಮ ಹುಂಜ ಕೊಬ್ಬಿ ನಿಂತಿತ್ತು.

"ತಗೊಂಡು ಹೋಗಿ ತಾಯಿ" ಎಂದರು ಅವರು ಬೇಸತ್ತು. "ಸಂತೆ ಸಂತೆಗೂ ಇದನ್ನೇ ಕೇಳ್ತಾರೆ. ಇಲ್ಲ ಅಂದು ಅಂದು ನಂಗೆ ಸಾಕಾಗೋಯ್ತು."

ಪೂಜೆಗೆ ಊರೆಲ್ಲ ಸೇರಿತ್ತು. ತಿಂದವರೂ ಅಲ್ಲೇ ಕೈಕಟ್ಟಿ ನಿಂತಿದ್ದರು. ಅವ್ವ ಆ ಒಂದು ಹುಂಜವನ್ನು ಚೌಡಿಯ ಕಲ್ಲಿನ ಮುಂದಿಟ್ಟು, ನನ್ನ ರಟ್ಟೆ ಹಿಡಿದು ಮುಂದಕ್ಕೆಳೆದಳು.

"ತಾಯಿ, ಇವಳನ್ನ ಉಳಿಸ್ಕೊಟ್ಟೆ. ನಾನೂ ಸುಳ್ಳಾಡ್ಲಿಲ್ಲ, ಎಲ್ಲನೂ ಸಾಕಿ ದೊಡ್ಡದು ಮಾಡ್ದೆ. ಉಳಿದ ಹುಂಜ ಇಲ್ಲಿ ನಿಂತೋರ ಹೊಟ್ಟೇಲಿದಾವೆ. ನನ್ನ ಮಗಳನ್ನ ಕೇಳಬೇಡ. ಅವ್ರನ್ನೇ ಕೇಳು."

ಪೂಜಾರಿ ಕತ್ತಿ ಹಿಡಿದು ಬಂದು ಹುಂಜವನ್ನು ಕೊಯ್ದ.

ಮರುದಿನ ಕೆಂಪಯ್ಯನ ಹೊಟ್ಟೆ ಕೆಟ್ಟಿತು. ಹಬ್ಬದೂಟ ಹೆಚ್ಚಾಗಿತ್ತೋ ಏನೋ, ಅವನು ಮಾತ್ರ ಚೌಡಿ ಹಿಡಿದಳೆಂದೇ ತಿಳಿದ. ಸುದ್ದಿ ಕೇಳಿ ಉಳಿದವರಿಗೂ ಹೊಟ್ಟೆಯೊಳಗೆ ಏನೋ ಆಡಿದಂತಾಯಿತು. ಮುಂದಿನ ಸಂತೆಯಲ್ಲಿ ಹುಂಜಗಳಿಗೆ ಎಲ್ಲಿಲ್ಲದ ಗಿರಾಕಿ. ಕೆಂಪಯ್ಯ ಎರಡನ್ನು ಕಂಕುಳಲ್ಲಿ ಅವುಚಿಕೊಂಡು ನಮ್ಮ ಬಾಗಿಲಿಗೆ ಬಂದ. ಅವನ ಹಿಂದೆ ಮತ್ತಿಬ್ಬರಿದ್ದರು. ತಪ್ಪಾಯಿತು, ಇವನ್ನು ಇಟ್ಟುಕೊಂಡು ಮುಂದಿನ ಪೂಜೆಗೆ ಒಪ್ಪಿಸಿಬಿಡು ಎಂದು ಗೋಗರೆದರು.

ಅವ್ವ ಹೊಸಲು ದಾಟಲಿಲ್ಲ. "ನನ್ನ ಹರಕೆ ತೀರ್ತು ಮೇಸ್ತ್ರಿಗಳೆ. ಇವು ನಿಮ್ಮವು. ವರ್ಷ ಪೂರ್ತಿ ನೀವೇ ಸಾಕ್ಕಳಿ" ಎಂದಳು.

ಅವರು ಹುಂಜ ಹೊತ್ತು ಭಾಗಮ್ಮನ ಬಾಗಿಲಿಗೆ ಹೋದರು, ಅಲ್ಲಿಂದ ಆಚೆ ಮನೆಗೆ. ಅವ್ವ ಅವರನ್ನು ನೋಡುತ್ತ ನಿಲ್ಲಲಿಲ್ಲ. ಒಳಗೆ ಬಂದು ನನ್ನ ಹಣೆ ಮುಟ್ಟಿದಳು, ಕತ್ತು ಮುಟ್ಟಿದಳು, ತಣ್ಣಗಿದೆ ಎಂದಳು. ಆಮೇಲೆ ಒಲೆಯ ಮುಂದೆ ಕುಸಿದು ಕೂತು, ಇಡೀ ವರ್ಷ ಅಳದಿದ್ದವಳು ಜೋರಾಗಿ ಅತ್ತಳು.