ಬಾಯಿ ಸಿಹಿ ಮಾಡಿಕೊಳ್ಳದ ಗೋವಿಂದಮ್ಮ

ಗೋವಿಂದಮ್ಮನವರನ್ನು ನಾನು ಮೊದಲು ಕಂಡದ್ದು ಹೊಸೂರಿನ ನಮ್ಮ ಶಾಲೆಯ ಹೊಂಗೆಮರದ ಕೆಳಗೆ. ಮಧ್ಯಾಹ್ನದ ಊಟದ ಗಂಟೆ ಹೊಡೆದಿತ್ತು. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕುಳಿತಿದ್ದರು. ಮರದ ಬುಡದಲ್ಲಿ ದೊಡ್ಡ ಅಂಚಿನ ಸೀರೆಯುಟ್ಟ ಹೆಂಗಸೊಬ್ಬರು ಯಾರ ಅಪ್ಪಣೆಯೂ ಬೇಕಿಲ್ಲವೆಂಬಂತೆ ಕಾಲು ಚಾಚಿಕೊಂಡು ಕುಳಿತಿದ್ದರು. ಯಾವುದೋ ಮಗುವಿನ ತಾಯಿಯಿರಬೇಕೆಂದುಕೊಂಡು ಹತ್ತಿರ ಹೋಗಿ, "ಯಾವ ಮಗು ಬೇಕಿತ್ತಮ್ಮ?" ಎಂದು ಕೇಳಿದೆ.

"ಮಗು ಬ್ಯಾಡ ಮೇಷ್ಟ್ರೇ. ಆ ಸೀಟಿ ಊದೋ ಮೇಷ್ಟ್ರು ಉಣ್ಣೋದು ನೋಡ್ಬೇಕು, ಅದಕ್ಕೇ ಕುಂತಿವ್ನಿ" ಎಂದರು.

ಸೀಟಿ ಊದುವ ಮೇಷ್ಟ್ರೆಂದರೆ ನಮ್ಮ ವ್ಯಾಯಾಮದ ಅಧ್ಯಾಪಕ ಮರಿಸ್ವಾಮಿ. ಆಗಿನ್ನೂ ಮದುವೆಯಾಗಿರಲಿಲ್ಲ; ತಾನೇ ಅಡಿಗೆ ಮಾಡಿಕೊಂಡು ಬರುತ್ತಿದ್ದ.

"ಉಣ್ಣುವುದರಲ್ಲಿ ನೋಡುವುದೇನಿದೆ?"

"ಜಾತಕ ಸುಳ್ಳು ಹೇಳ್ತದೆ, ಹೆತ್ತೋಳು ಸುಳ್ಳು ಹೇಳ್ತಾಳೆ. ಹಸ್ದಿರೋ ಗಂಡ್ಸು ಡಬ್ಬಿ ಬಿಚ್ಚೋ ಕೈ ಸುಳ್ಳು ಹೇಳಾಕಿಲ್ಲ."

ಮರಿಸ್ವಾಮಿ ಜಗಲಿಯ ಮೇಲೆ ಕುಳಿತು ಡಬ್ಬಿ ಬಿಚ್ಚಿದ. ಒಳಗಿದ್ದದ್ದು ತಳ ಹಿಡಿದು ಕಪ್ಪಾದ ಉಪ್ಪಿಟ್ಟು. ಒಂದು ಗಳಿಗೆ ಅದನ್ನು ನೋಡಿದ, ನಿಟ್ಟುಸಿರು ಬಿಟ್ಟ, ಕೊನೆಯ ತುತ್ತಿನವರೆಗೂ ತಿಂದು ಡಬ್ಬಿ ತೊಳೆದಿಟ್ಟ. ಗೋವಿಂದಮ್ಮ ಸೀರೆ ಕೊಡವಿಕೊಂಡು ಎದ್ದರು. "ಸೀದೋದ ಉಪ್ಪಿಟ್ಟು ಸುಮ್ಕೆ ತಿಂದ. ಸಂಸಾರಕ್ಕಾಯ್ತಾನೆ" ಎಂದರು. ಆರು ತಿಂಗಳೊಳಗೆ ಮರಿಸ್ವಾಮಿಯ ಮದುವೆ ನಡೆಯಿತು.

ಸಂಬಂಧ ಕೂಡಿಸುವುದೇ ಅವರ ಕಸುಬು. ಜೂಜುವಾಡಿಯಿಂದ ಕೃಷ್ಣಗಿರಿಯವರೆಗೆ ಯಾವ ಬೀದಿಯಲ್ಲಿ ಯಾವ ಹುಡುಗಿ ಪದವಿ ಮುಗಿಸಿದಳು, ಯಾವ ಹುಡುಗನಿಗೆ ಕಾರ್ಖಾನೆಯಲ್ಲಿ ಕೆಲಸ ಕಾಯಂ ಆಯಿತು ಎಂಬುದೆಲ್ಲ ಅವರಿಗೆ ತಿಳಿದಿರುತ್ತಿತ್ತು. ತಮಿಳರ ಮನೆಯಲ್ಲಿ ತಮಿಳು, ತೆಲುಗರ ಮನೆಯಲ್ಲಿ ತೆಲುಗು, ನಮ್ಮವರಲ್ಲಿ ಕನ್ನಡ. ಮಾತು ಎಡವಿದ್ದನ್ನು ನಾನು ಕಾಣೆ. ಸುಳ್ಳು ಹೇಳುವವರಲ್ಲ, ಆದರೆ ನಿಜಕ್ಕೆ ಸ್ವಲ್ಪ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದರು. ಹುಡುಗ ತೀರಾ ಕುಳ್ಳನಾದರೆ "ಮನೆ ಬಾಗ್ಲಿಗೆ ತಲೆ ತಾಗಾಕಿಲ್ಲ" ಎನ್ನುವರು. ಹುಡುಗಿಗೆ ಕೋಪ ಹೆಚ್ಚೆಂದರೆ "ಮನೆ ಕಾಯೋಕೆ ನಾಯಿ ಬ್ಯಾಡ" ಎನ್ನುವರು. ಕೇಳಿದವರೂ ನಗುತ್ತ ಒಪ್ಪುತ್ತಿದ್ದರು.

ನಾನು ನಿವೃತ್ತನಾಗಿ ಮತ್ತಿಗಿರಿಯ ಕಡೆ ಮನೆ ಕಟ್ಟಿಕೊಂಡಾಗ ಅವರು ನಮ್ಮ ನೆರೆಯವರಾದರು. ಅಷ್ಟು ಹೊತ್ತಿಗೆ ಅವರಿಗೆ ಸಕ್ಕರೆ ಕಾಯಿಲೆ ಹಿಡಿದು ಬಹಳ ವರ್ಷಗಳಾಗಿದ್ದವು. ಸಕ್ಕರೆಗೊಂದು ಮಾತ್ರೆ, ರಕ್ತದೊತ್ತಡಕ್ಕೊಂದು, ಹೊಟ್ಟೆಯುಬ್ಬರಕ್ಕೊಂದು, ಅಂಗಾಲಿನ ಉರಿಗೊಂದು. "ಮಾತ್ರೆ ಒಂಟಿಯಾಗಿರಾಕಿಲ್ಲ ಮೇಷ್ಟ್ರೇ, ಅದಕ್ಕೊಂದು ಜೋಡಿ ಬೇಕಂತೆ. ಡಾಕ್ಟ್ರುಗಳೂ ನನ್ನ ಕಸುಬೇ ಮಾಡ್ತವ್ರೆ" ಎಂದು ನಗುತ್ತಿದ್ದರು.

ಒಂದು ದಿನ ಅವರು ನಗಲಿಲ್ಲ. ಜೂಜುವಾಡಿಯಲ್ಲಿ ಲಾರಿಗಳ ನಡುವೆ ರಸ್ತೆ ದಾಟಿ ಬಸ್ಸು ಹತ್ತಿ ಮನೆಗೆ ಬಂದು ನೋಡಿಕೊಂಡರೆ ಎಡಗಾಲಿನಲ್ಲಿ ಚಪ್ಪಲಿಯೇ ಇಲ್ಲ. ಅದು ಕಳಚಿಕೊಂಡದ್ದು ಎಲ್ಲಿ ಎಂಬುದು ಕಾಲಿಗೇ ತಿಳಿದಿರಲಿಲ್ಲ. ಅಂಗಾಲಿನಲ್ಲಿ ಗಾಜಿನ ಚೂರೊಂದು ನೆಟ್ಟಿತ್ತು, ಅದೂ ತಿಳಿದಿರಲಿಲ್ಲ. ನಮ್ಮ ಜಗಲಿಯ ಮೇಲೆ ಕುಳಿತು, "ಕಾಲೇ ಹೋದ್ರೆ ನಾನು ಯಾರ ಮನೆ ಬಾಗಿಲಿಗೆ ಹೋಗ್ಲಿ ಮೇಷ್ಟ್ರೇ? ಕುಂತಲ್ಲೇ ಸಂಬಂಧ ಕೂಡ್ಸೋಕೆ ನಾನೇನು ಫೋನಾ?" ಎಂದರು. ಗಾಯ ಮಾಯಿತು, ಭಯ ಮಾಯಲಿಲ್ಲ.

ಆಗ ನನಗೆ ಗೌತಮಿಯ ನೆನಪಾಯಿತು. ನಮ್ಮ ಶಾಲೆಯಲ್ಲೇ ಓದಿದ ಹುಡುಗಿ, ಈಗ ವೈದ್ಯೆ. ಬಾಗಲೂರು ರಸ್ತೆಯಲ್ಲಿ ಹೊಸ ಚಿಕಿತ್ಸಾಲಯ ತೆರೆದಿದ್ದಳು. ಫಂಕ್ಷನಲ್ ಮೆಡಿಸಿನ್ ಎಂಬ ಪದ್ಧತಿಯಂತೆ. ಹಳೆಯ ಕಾಯಿಲೆಗಳ ಎಲೆ ಕೊಂಬೆಗಳಿಗೆ ಮದ್ದು ಹಾಕುತ್ತ ಕೂರದೆ ಬೇರು ಎಲ್ಲಿದೆಯೆಂದು ಹುಡುಕುವುದು, ಊಟ, ನಿದ್ದೆ, ನಡಿಗೆ, ಮನಸ್ಸು ಎಲ್ಲವನ್ನೂ ವಿಚಾರಿಸುವುದು ಅದರ ರೀತಿ. ಗೋವಿಂದಮ್ಮನವರನ್ನು ಕರೆದುಕೊಂಡು ಹೋದೆ.

ಗೌತಮಿ ನಾಡಿ ಹಿಡಿಯುವುದಕ್ಕೆ ಮುಂಚೆ ಪ್ರಶ್ನೆ ಹಿಡಿದಳು. ತಾಯಿಗೆ ಯಾವ ಕಾಯಿಲೆಯಿತ್ತು? ಅಜ್ಜಿಗೆ? ಎಷ್ಟು ಹೊತ್ತಿಗೆ ಏಳುತ್ತೀರಿ? ಯಾರ ಮೇಲಾದರೂ ಕೋಪವಿದೆಯೇ? ಹೀಗೆ ಒಂದು ಗಂಟೆಗೂ ಮೀರಿ ನಡೆಯಿತು. ಗೋವಿಂದಮ್ಮ ನನ್ನ ಕಡೆ ಬಾಗಿ, "ಮನೆತನ ವಿಚಾರ್ಸೋದ್ರಲ್ಲಿ ಈ ಮಗಳು ನನ್ನನ್ನೂ ಮೀರ್ಸವ್ಳೆ" ಎಂದು ಪಿಸುಗುಟ್ಟಿದರು. ಆದರೆ ಉತ್ತರಗಳನ್ನು ಮಾತ್ರ ಗಂಡಿನ ಗುಣ ಹೇಳುವಂತೆಯೇ ಎಣ್ಣೆ ಹಚ್ಚಿ ಹೇಳಿದರು. "ಸಕ್ಕರೆ ಅಂತ ಒಂದು ಚೂರೈತೆ, ಸ್ವಭಾವ ಒಳ್ಳೇದು."

"ಏನು ಊಟ ಮಾಡ್ತೀರಮ್ಮ?"

"ಬೆಳಗ್ಗೆ ಅಂಬ್ಲಿ. ರಾತ್ರಿಗೆ ಸಣ್ಣ ರಾಗಿಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ಇಷ್ಟೇ ಕಣಮ್ಮ."

"ಮಧ್ಯೆ?"

"ಏನೂ ಇಲ್ಲ."

ಗೌತಮಿ ನನ್ನ ಮುಖ ನೋಡಿದಳು. ಇಷ್ಟು ಅಚ್ಚುಕಟ್ಟಾಗಿ ಉಣ್ಣುವವರ ಸಕ್ಕರೆ ಅಷ್ಟು ಮೇಲೇಕಿದೆ ಎಂಬುದು ಅವಳಿಗೆ ಬಗೆಹರಿಯಲಿಲ್ಲ. ಗೋವಿಂದಮ್ಮನವರ ತೋಳಿಗೆ ನಾಣ್ಯದಗಲದ ಬಿಲ್ಲೆಯೊಂದನ್ನು ಅಂಟಿಸಿದಳು. ಅದು ಮೈಯಲ್ಲಿ ಸಕ್ಕರೆ ಏರಿದ್ದು ಇಳಿದದ್ದನ್ನೆಲ್ಲ ಫೋನಿಗೆ ವರದಿ ಮಾಡುತ್ತದೆಯಂತೆ. ಮಾತ್ರೆಗಳನ್ನು ಯಾವ ಕಾರಣಕ್ಕೂ ತಾವಾಗಿ ಬಿಡಬಾರದೆಂದು ಎಚ್ಚರಿಸಿ ಕಳುಹಿಸಿದಳು. ಗೋವಿಂದಮ್ಮ ಎರಡು ವಾರ ಆ ಬಿಲ್ಲೆಯನ್ನು ವಂಕಿಯಂತೆ ಧರಿಸಿಕೊಂಡು ಊರೂರು ತಿರುಗಿದರು.

ಮತ್ತೆ ಹೋದಾಗ ಗೌತಮಿ ಫೋನಿನಲ್ಲಿ ಗೆರೆಯೊಂದನ್ನು ತೋರಿಸಿದಳು. ಅಂಚೆಟ್ಟಿಯ ಗುಡ್ಡಸಾಲಿನಂತೆ ಏರಿಳಿತ. "ಮಂಗಳವಾರ ಹನ್ನೊಂದು ಗಂಟೆಗೆ ಏನು ತಿಂದ್ರಿ?"

"ಏನೂ ಇಲ್ಲ."

"ಇಲ್ಲಿ ನೋಡಿ, ಬೆಟ್ಟ ಎದ್ದಿದೆ. ಎಲ್ಲಿದ್ರಿ ಆವಾಗ?"

"ಬೇರಿಕೆಯಲ್ಲಿ. ಹೆಣ್ಣಿನ ಮನೇಲಿ."

"ಅವರೇನು ಕೊಟ್ರು?"

"ಕೇಸರಿಬಾತು, ಬೋಂಡ, ಕಾಫಿ."

"ತಿಂದ್ರಾ?"

"ತಿನ್ನೋದು ಬೇರೆ ಕಣಮ್ಮ. ಅದು ಮರ್ಯಾದೆಗೆ ತಗಂಡಿದ್ದು."

"ಹನ್ನೆರಡೂವರೆಗೆ ಇನ್ನೊಂದು ಬೆಟ್ಟ?"

"ಅದು ಗಂಡಿನ ಕಡೆಯೋರು. ಮೈಸೂರುಪಾಕು. ಅದೂ ಮರ್ಯಾದೆಗೇ. ಊಟ ಅಂದ್ರೆ ನನ್ ಮನೇಲಿ ತಟ್ಟೆ ಮುಂದೆ ಕುಂತು ಉಂಡಿದ್ದು. ಊರೋರ ಮನೆ ಸಿಹಿ ನನ್ ಲೆಕ್ಕಕ್ಕೆ ಬರಾಕಿಲ್ಲ."

"ನಿಮ್ಮ ಲೆಕ್ಕಕ್ಕೆ ಬರದಿರಬಹುದಮ್ಮ, ನಿಮ್ಮ ಹೊಟ್ಟೆಗೆ ಬರುತ್ತಲ್ಲ" ಎಂದು ಗೌತಮಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಬೇರು ಇದೇ. ಇದು ಹೀಗೇ ಇದ್ರೆ ಯಾವ ಮಾತ್ರೆ ಕೊಟ್ಟರೂ ಪಾದ ಉಳಿಸೋದು ಕಷ್ಟ. ನನಗೆ ಹುಡುಕೋಕೆ ಬರುತ್ತೆ. ಕೀಳೋದು ನಿಮ್ಮ ಕೈಯಲ್ಲೇ ಇರೋದು."

ಗೋವಿಂದಮ್ಮ ಮರುದಿನದಿಂದಲೇ ಕೀಳತೊಡಗಿದರು. ಮೊದಲ ಪ್ರಯೋಗ ನಡೆದದ್ದು ಕೆಲಮಂಗಲದ ಲಕ್ಷ್ಮೀಪತಿಯ ಮನೆಯಲ್ಲಿ. ಅವರ ಮಗಳು ವನಿತಾಳಿಗೆ ಸೂಳಗಿರಿಯ ಕಡೆಯ ಗಂಡು ಗೊತ್ತಾಗುವ ಹಂತದಲ್ಲಿತ್ತು. ತಟ್ಟೆಯಲ್ಲಿ ತುಪ್ಪ ಒಸರುವ ಕೇಸರಿಬಾತು ಬಂತು. ಗೋವಿಂದಮ್ಮ ಕೈ ಅಡ್ಡ ಹಿಡಿದು "ಬ್ಯಾಡಮ್ಮ" ಎಂದರು.

ನಮ್ಮ ಸೀಮೆಯಲ್ಲಿ ಸಂಬಂಧ ತಂದವರು ಬಾಯಿ ಸಿಹಿ ಮಾಡಿಕೊಳ್ಳದೆ ಎದ್ದರೆಂದರೆ ಆ ಸಂಬಂಧದಲ್ಲಿ ಏನೋ ಕಹಿಯಿದೆಯೆಂದೇ ಅರ್ಥ. ಲಕ್ಷ್ಮೀಪತಿ ಮೆಲ್ಲನೆ ಕೇಳಿದರು: "ಯಾಕಮ್ಮ, ಗಂಡಿನ ಕಡೆ ಏನಾರ ಐತಾ?"

"ಗಂಡಿಗೇನೂ ಇಲ್ಲ. ನನಗೆ ಸಕ್ಕರೆ ಕಾಯಿಲೆ."

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ಹೋದ ತಿಂಗ್ಳು ನಮ್ಮಣ್ಣನ ಮನೇಲಿ ಮತ್ತೆ ಮತ್ತೆ ಹಾಕುಸ್ಕಂಡ್ರಲ್ಲ, ಅವಾಗ ಇರ್ಲಿಲ್ವಾ ಕಾಯ್ಲೆ?"

ಮಾತುಕತೆ ಅಲ್ಲಿಗೇ ನಿಂತಿತು. ವಾರದಲ್ಲಿ ಇನ್ನೆರಡು ಮನೆಗಳಲ್ಲೂ ಹೀಗೇ ಆಯಿತು. ಗೋವಿಂದಮ್ಮ ಎಂದೂ ಆಡಿರದಷ್ಟು ಅಚ್ಚ ನಿಜ ಆಡಿದ್ದರು, ಒಬ್ಬರೂ ನಂಬಲಿಲ್ಲ. "ಸಿಹಿ ತಿಂದ್ರೆ ಕಾಲು ಹೋಯ್ತದೆ, ಬಿಟ್ರೆ ಕಸುಬು ಹೋಯ್ತದೆ. ಆ ಹುಡ್ಗನ ಮೇಲೆ ಸುಮ್ಸುಮ್ನೆ ಅನುಮಾನ ಬೇರೆ ಬಂತು" ಎಂದು ನಮ್ಮ ಜಗಲಿಯ ಮೇಲೆ ಕುಳಿತು ಸಂಕಟಪಟ್ಟರು. ನನ್ನ ಹೆಂಡತಿ ಕಾಫಿ ತಂದರೆ ಅದನ್ನೂ ಮುಟ್ಟಲಿಲ್ಲ. ತಮ್ಮ ಪಾದವನ್ನೇ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಎದ್ದು, "ಕೆಲಮಂಗಲದ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದರು.

ಲಕ್ಷ್ಮೀಪತಿಯ ಮನೆಯಲ್ಲಿ ಅಂದು ಅವರು ಆಡಿದ ಮಾತನ್ನು ಆಮೇಲೆ ನನಗೆ ಲಕ್ಷ್ಮೀಪತಿಯೇ ಹೇಳಿದರು. "ನಿಮ್ಮತ್ರ ಬಾಯ್ಬಿಡಬಾರ್ದು ಅಂತಿದ್ದೆ ಕಣಪ್ಪ. ವನಿತಮ್ಮನ ಕೊರಳಿಗೆ ಆ ಹುಡುಗನ ತಾಳಿ ಬೀಳೋಗಂಟ ಸಿಹಿ ಮುಟ್ಟಾಕಿಲ್ಲ ಅಂತ ಚಂದ್ರಚೂಡೇಶ್ವರನಿಗೆ ಹರಕೆ ಹೊತ್ತಿವ್ನಿ. ಅಂಥಾ ಗಂಡು ಕೈತಪ್ಪಬಾರ್ದು ಅಂತ."

ಒಳಗಿದ್ದ ಹೆಂಡತಿ ಹೊರಗೆ ಬಂದು ಕಣ್ಣೊರಸಿಕೊಂಡರಂತೆ. ತಮ್ಮ ಮಗಳಿಗಾಗಿ ಬಾಯಿ ಕಟ್ಟಿಕೊಂಡ ಹೆಂಗಸಿನ ಮುಂದೆ ಗಂಡನ್ನು ಅನುಮಾನಿಸಿದ್ದಕ್ಕೆ ನಾಚಿಕೆಯಾಯಿತಂತೆ. ಆ ವಾರವೇ ನಿಶ್ಚಯ ನಡೆಯಿತು.

"ಇದು ಸುಳ್ಳಲ್ಲವೇ ಗೋವಿಂದಮ್ಮ?" ಎಂದು ನಾನು ಕೇಳಿದೆ.

"ಯಾವ್ದು ಸುಳ್ಳು? ಅವತ್ತು ಹೊಸೂರಲ್ಲಿ ಬಸ್ಸಿಳಿದು ಬೆಟ್ಟ ಹತ್ತಿ, ದೇವ್ರ ಮುಂದೆ ನಿಂತು, ನಿಜವಾಗ್ಲೂ ಹರಕೆ ಹೊತ್ತೇ ಹೋಗಿದ್ದು. ಕಾಲಿಗೋಸ್ಕರ ಅಂತ ದೇವ್ರಿಗೆ ಗೊತ್ತು, ಮಗೀಗೋಸ್ಕರ ಅಂತ ಅವ್ರಿಗೆ ಗೊತ್ತು. ಇಬ್ರಿಗೂ ಸಂತೋಷ."

ಹರಕೆಯ ಸುದ್ದಿ ಹಬ್ಬಿತು. ಗೋವಿಂದಮ್ಮ ಸಿಹಿ ನಿರಾಕರಿಸಿದರೆ ಸಂಬಂಧ ಗಟ್ಟಿ ಎಂದು ಜನ ನಂಬತೊಡಗಿದರು. ಒಂದು ಮನೆಯಲ್ಲಂತೂ ಅವರು ಮರೆತು ಬಾಳೆಹಣ್ಣು ಸುಲಿಯಲು ಹೋದಾಗ ಮನೆಯವರೇ ಗಾಬರಿಯಾಗಿ ಕಿತ್ತುಕೊಂಡರಂತೆ.

ಕಷ್ಟ ಬಂದದ್ದು ವನಿತಾಳ ಮದುವೆಯ ದಿನ. ತಾಳಿ ಕಟ್ಟಿಯಾದ ಮೇಲೆ ಹರಕೆ ಮುಗಿಯಬೇಕಲ್ಲ. ಲಕ್ಷ್ಮೀಪತಿಯ ಹೆಂಡತಿ ಬೆಳ್ಳಿತಟ್ಟೆಯಲ್ಲಿ ತುಪ್ಪದಲ್ಲಿ ಮುಳುಗಿದ ಒಬ್ಬಟ್ಟುಗಳನ್ನು ಹೊತ್ತು ತಂದು, ನೆಂಟರೆಲ್ಲರ ಎದುರಿಗೆ, "ನಿಮ್ ಬಾಯಿಗೆ ನಾನೇ ಇಡ್ಬೇಕು" ಎಂದು ನಿಂತರು. ಗೋವಿಂದಮ್ಮನವರೇ ಕರೆತಂದಿದ್ದ ಗೌತಮಿ ಊಟದ ಸಾಲಿನಿಂದ ಅರ್ಧ ಎದ್ದಳು. ನಾನೂ ಎದ್ದೆ.

ಗೋವಿಂದಮ್ಮ ತಟ್ಟೆಯನ್ನು ಎರಡೂ ಕೈಯಿಂದ ಕಣ್ಣಿಗೊತ್ತಿಕೊಂಡರು. "ಹರಕೆ ತೀರ್ಸೋ ಕ್ರಮ ಗೊತ್ತಿಲ್ವಾ ನಿಮಗೆ? ಹೊತ್ತೋಳು ತಿನ್ನಬಾರ್ದು, ಬಡಿಸ್ಬೇಕು. ಕುಂತ್ಕಳಿ, ಮೊದ್ಲು ನಿಮ್ಮ ಎಲೆಗೇ" ಎಂದವರೇ ಸೆರಗು ಸಿಕ್ಕಿಸಿಕೊಂಡು ಒಬ್ಬಟ್ಟು ಬಡಿಸುತ್ತ ನಡೆದರು. ಅಂಥ ಕ್ರಮವೊಂದು ಇತ್ತೆಂದು ನಾನು ಕೇಳಿರಲಿಲ್ಲ. ಪುರೋಹಿತರು ಮಾತ್ರ ಗಂಭೀರವಾಗಿ ತಲೆಯಾಡಿಸಿ ಎರಡು ಹಾಕಿಸಿಕೊಂಡರು.

ಅಂಗಾಲಿನ ಉರಿ ಈಗ ಬಹಳ ತಗ್ಗಿದೆ. ಹೆಬ್ಬೆರಳಿಗೆ ಸ್ಪರ್ಶ ಅಷ್ಟಿಷ್ಟು ಮರಳಿದೆ. ಪೂರ್ತಿ ಬರುತ್ತದೆಂದು ಗೌತಮಿ ಹೇಳುವುದಿಲ್ಲ. ಮಾತ್ರೆಗಳಲ್ಲಿ ಒಂದನ್ನು ಅವರ ಹಳೆಯ ಡಾಕ್ಟರೇ ಪರೀಕ್ಷೆ ಮಾಡಿಸಿ ನಿಲ್ಲಿಸಿದ್ದಾರೆ. "ಒಂದು ಬಿಡುಗಡೆಯಾಯ್ತು, ಅದರ ಜೋಡಿ ಒಂಟಿಯಾಯ್ತು, ಪಾಪ" ಎಂದು ಗೋವಿಂದಮ್ಮ ಮರುಗುತ್ತಾರೆ.

ಇತ್ತೀಚೆಗೆ ಅವರು ರೇಷ್ಮೆಸೀರೆಯ ಕೆಳಗೆ ಗೌತಮಿ ಕೊಡಿಸಿದ ಬಿಳಿ ಬೂಟು ತೊಟ್ಟುಕೊಂಡು ಓಡಾಡುತ್ತಾರೆ. ಹೋದ ಸೋಮವಾರ ಅಂಚೆಟ್ಟಿಯ ಬಸ್ಸಿಗೆ ಕಾಯುತ್ತ ನಿಂತಿದ್ದರು. ಅಷ್ಟು ದೂರ ಏಕೆಂದು ಕೇಳಿದೆ.

"ಡಾಕ್ಟ್ರಮ್ಮ ದಿನಾ ನಡೀರಿ ಅಂದವ್ಳೆ. ಈ ಕಡೆ ಗಂಡುಗಳೆಲ್ಲ ಬಸ್ ಸ್ಟಾಂಡ್ ಪಕ್ಕದಲ್ಲೇ ಅವ್ರೆ, ಏನು ಪ್ರಯೋಜ್ನ? ಅಲ್ಲಾದ್ರೆ ಒಂದು ಗಂಡು ನೋಡೋಕೆ ಎರಡು ಗುಡ್ಡ ಹತ್ತಿಳೀಬೇಕು" ಎಂದು ಬಸ್ಸು ಹತ್ತಿದರು.