ತಮ್ಮನ ಪಾಲಿನ ಕುಳ್ಳು

ಬೆಳಗಾವಿಯ ಹಿಂದವಾಡಿಯಲ್ಲಿ ಹೊಸದಾಗಿ ತೆರೆದ ಚಹಾದಂಗಡಿಯೊಂದರಲ್ಲಿ ಮಣ್ಣಿನ ಕಪ್ಪಿನಲ್ಲಿ ಚಹಾ ಕೊಡುತ್ತಾರೆ. ಬಿಸಿ ಚಹಾ ಬಿದ್ದ ಕೂಡಲೇ ಕಪ್ಪಿನಿಂದ ಒಂದು ವಾಸನೆ ಏಳುತ್ತದೆ. ಮೊದಲ ಮಳೆಯ ವಾಸನೆ ಎಂದರು ನನ್ನ ಜೊತೆ ಬಂದಿದ್ದ ಆಫೀಸಿನವರು. ಎದುರು ವಾದಿಸುವುದು ನನಗೆ ಚಟ. ಆದರೂ ಆ ದಿನ ಕಪ್ಪನ್ನು ಮೂಗಿನ ಹತ್ತಿರ ಹಿಡಿದೆ, ಅಷ್ಟೇ. ಅದು ಮಳೆಯ ವಾಸನೆ ಅಲ್ಲ. ಸುಟ್ಟ ಮಣ್ಣಿಗೆ ಮೊದಲ ಸಲ ನೀರು ತಾಗಿದ ವಾಸನೆ. ಖಾನಾಪುರದ ನಮ್ಮ ಓಣಿಯಲ್ಲಿ ಮಡಕೆ ಸುಡುವ ಭಟ್ಟಿ ಬಿಚ್ಚಿದ ಮೇಲೆ ಒಂದೊಂದು ಗಡಿಗೆಗೂ ನೀರು ಹೊಯ್ದು, ಎಲ್ಲಾದರೂ ಸೋರುತ್ತದೆಯೇ ಎಂದು ಕಾಕು ನೋಡುತ್ತ ಕೂತಾಗ ಏಳುತ್ತಿದ್ದ ವಾಸನೆ...

ಕಾಕು ಎಂದರೆ ನನಗೆ ರಕ್ತಸಂಬಂಧದಿಂದ ಚಿಕ್ಕಮ್ಮ ಅಲ್ಲ. ಓಣಿಗೆಲ್ಲ ಅವರು ಕಾಕು. ಕುಂಬಾರರ ಮಗಳು, ಕುಂಬಾರರ ಸೊಸೆ. ತವರು ಓಣಿಯ ಈ ತುದಿಗೆ, ಗಂಡನ ಮನೆ ಆ ತುದಿಗೆ. ಗಂಡ ತೀರಿದ ಮೇಲೂ ಮಣ್ಣು ಬಿಡಲಿಲ್ಲ. ತವರಿನಲ್ಲಿ ಉಳಿದಿದ್ದವನು ಒಬ್ಬನೇ ತಮ್ಮ. ಅವನನ್ನು ನಾವೆಲ್ಲ ಮಾಮಾ ಅನ್ನುತ್ತಿದ್ದೆವು. ಮಾಮಾ ಗಡಿಗೆ ಮಾಡುವುದನ್ನು ಬಿಟ್ಟು, ಹಿತ್ತಲಲ್ಲಿ ಸಾಲಾಗಿ ಖೋಲಿ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ. ಅದರಲ್ಲೊಂದು ಖೋಲಿ ನಮ್ಮದು. ಅಪ್ಪ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದರು. ಉಳಿದ ಖೋಲಿಗಳಲ್ಲಿ ಸ್ವಂತ ಜಾಗವಿಲ್ಲದ ಕುಂಬಾರರಿದ್ದರು.

ಓಣಿಗೆಲ್ಲ ಒಂದೇ ಭಟ್ಟಿ. ಒಂದು ಮನೆಯ ಗಡಿಗೆಗಳಿಂದ ಅದು ತುಂಬುತ್ತಿರಲಿಲ್ಲ, ತುಂಬದ ಭಟ್ಟಿ ಸರಿಯಾಗಿ ಬೇಯುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಕೂಡಿ ಗಡಿಗೆ ಒಟ್ಟಬೇಕು, ಕೂಡಿ ಬೆಂಕಿ ಹಚ್ಚಬೇಕು. ಹಚ್ಚುವ ಮೊದಲು ಪ್ರತಿ ಮನೆಯಿಂದ ಒಂದು ಕುಳ್ಳು, ಅಂದರೆ ಸಗಣಿಯ ಬೆರಣಿ, ಬರಬೇಕು. ಗಡಿಗೆ ಮಾಡದ ನಮ್ಮಂಥ ಮನೆಯವರೂ ಒಂದು ಇಡಬೇಕು. ಅದೊಂದು ಪದ್ಧತಿ. ಸುಡುವಾಗ ಕುಳ್ಳು ತಾಗಿದ ಕಡೆ ಗಡಿಗೆಯ ಮೇಲೆ ಕರಿ ಮಚ್ಚೆ ಬೀಳುತ್ತಿತ್ತು. ಕಲೆ ಐತಿ, ಕಡಿಮೆ ಮಾಡ್ರಿ ಎಂದು ಗಿರಾಕಿ ಕೊಸರಾಡಿದರೆ ಕಾಕು ಹೇಳುತ್ತಿದ್ದರು:

“ಕಲೆ ಅಲ್ರೀ ಅದು. ಓಣಿ ಕೈ ಮುಟ್ಟಿದ ಗುರುತು. ಬ್ಯಾಡಾದ್ರ ಸ್ಟೀಲ್ ಬಿಂದಗಿ ತಗೋರಿ, ಫಳಫಳ ಹೊಳೀತಾವ.”

ಓಣಿಯನ್ನು ಸುಧಾರಿಸಬೇಕು ಎಂದು ಹಟ ಹಿಡಿದವರೂ ಅವರೇ. ಮಳೆಗಾಲ ಬಂದರೆ ಮೊಣಕಾಲ ತನಕ ರಾಡಿ. ಗೋವಾ ಕಡೆ ಹೋಗುವ ಗಾಡಿಗಳು ಓಣಿಯ ಬಾಯಿಯ ಮುಂದಿಂದಲೇ ಹಾದುಹೋಗುತ್ತಿದ್ದವು, ಒಂದೂ ನಿಲ್ಲುತ್ತಿರಲಿಲ್ಲ. ಹೆಂಗಸರನ್ನು ಕಟ್ಟಿಕೊಂಡು ಕಾಕು ಕಚೇರಿಗಳಿಗೆ ತಿರುಗಿದರು. ನೆಲಕ್ಕೆ ಹಾಸುಗಲ್ಲಿನ ಫರಸಿ ಬೇಕು, ಗಟಾರ ಬೇಕು, ದೀಪ ಬೇಕು, ಓಣಿಯ ಬಾಯಿಗೆ ನಾವೇ ಕೂತು ಮಾರಲು ಕಟ್ಟೆ ಬೇಕು.

ನಾನು ಆಗ ದಿನಾ ಬೆಳಗಾವಿಗೆ ಕಾಲೇಜಿಗೆ ಹೋಗಿಬರುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತರುತ್ತಿದ್ದೆ. ಕಾಕು ನನ್ನನ್ನು ಕರೆಯುತ್ತಿದ್ದದ್ದೇ ‘ವಕೀಲಬಾಯಿ’ ಎಂದು. ಓಣಿಯವರೆಲ್ಲ ಫರಸಿಯ ಕನಸಿನಲ್ಲಿದ್ದಾಗ ನಾನು ಅಡ್ಡ ಮಾತಾಡಿದೆ.

“ಕಾಕು, ಓಣಿ ಛಲೋ ಆತಂದ್ರ ಬಾಡಿಗಿ ಏರತಾವ್ರಿ. ಮನಿ ಇದ್ದವರು ಮಾರಕೊಂಡು ರೊಕ್ಕಾ ಮಾಡ್ತಾರ. ಬಾಡಿಗಿ ಮಂದಿ ನಾವು ಹೊರಗ ಬೀಳತೇವಿ. ನಮ್ಮನ್ನ ನಾವ ಎಬ್ಬಸಾಕ ಅರ್ಜಿ ಕೊಟ್ಟಂಗ ಇದು.”

“ಹಂಗಂತ ರಾಡ್ಯಾಗ ಕುಂದರೂಣೇನು, ವಕೀಲಬಾಯಿ? ಹೊಲಸ ಇದ್ರಷ್ಟ ನಮಗ ಓಣಿ, ಛಲೋ ಆದ್ರ ಮತ್ತೊಬ್ಬರಿಗೇನು?”

ನಗರಗಳ ಬಗ್ಗೆ ಆಮೇಲೆ ಏನೇನೋ ಓದಿದೆ, ಬೆಳವಣಿಗೆಯ ಪರ ವಿರೋಧ ಎರಡೂ ಕಡೆ ನಿಂತು ಮಾತಾಡಿದೆ. ಎಲ್ಲವೂ ಕೊನೆಗೆ ಕಾಕುನ ಆ ಒಂದು ಪ್ರಶ್ನೆಗೇ ಬಂದು ನಿಲ್ಲುತ್ತವೆ.

ಹಾಗಂತ ನನ್ನ ಮಾತನ್ನು ಅವರು ತಳ್ಳಿಹಾಕಲಿಲ್ಲ. ಕೆಲವು ದಿನ ಮಣ್ಣು ತುಳಿಯುತ್ತಲೇ ಯೋಚಿಸಿದರು. ಆಮೇಲೆ ಮನೆ ಮಾಲೀಕರ ಬಾಗಿಲಿಗೆಲ್ಲ ಹೋಗಿಬಂದರು. ಈ ಸಲದ ಭಟ್ಟಿಗೆ ಮಾಲೀಕರು ತಮ್ಮ ಕೈಯಿಂದಲೇ ಕುಳ್ಳು ಇಡಬೇಕು, ಇಡುವಾಗ ಮಾತು ಕೊಡಬೇಕು: ಓಣಿ ಎಷ್ಟೇ ಸುಧಾರಿಸಲಿ, ಇದ್ದವರನ್ನು ಎಬ್ಬಿಸುವುದಿಲ್ಲ, ಬಾಡಿಗೆ ಏರಿಸುವುದಾದರೆ ಎಲ್ಲರೂ ಕೂತು ಮಾತಾಡಿಯೇ ಏರಿಸುತ್ತೇವೆ.

ಒಪ್ಪುತ್ತಾರೆ ಎಂದು ನಾನು ನಂಬಿರಲಿಲ್ಲ. ಒಪ್ಪಿದರು. ಆ ಸಂಜೆ ಒಬ್ಬೊಬ್ಬರೇ ಬಂದು, ನಾಚಿಕೊಳ್ಳುತ್ತ, ನಗುತ್ತ, ಕುಳ್ಳು ಇಟ್ಟು ಮಾತು ಹೇಳಿ ಸರಿದರು. ಮಾಮಾ ಮಾತ್ರ ಊರಲ್ಲಿರಲಿಲ್ಲ, ಕಣಕುಂಬಿಗೆ ಹೆಂಡತಿಯ ಕಡೆಯವರ ಮನೆಗೆ ಹೋಗಿದ್ದ. ಎಲ್ಲರದೂ ಮುಗಿದ ಮೇಲೆ ಕಾಕು ಬುಟ್ಟಿಯಿಂದ ಇನ್ನೊಂದು ಕುಳ್ಳು ತೆಗೆದು, “ಇದು ನನ್ನ ತಮ್ಮಂದು” ಎಂದು ತಾವೇ ಇಟ್ಟರು.

ನಾನು ಮಾತ್ರ ತಡೆದೆ. ಅವನು ನಮ್ಮ ಮಾಲೀಕ, ಅದು ನಮ್ಮ ಮನೆಯ ಪ್ರಶ್ನೆ. “ಮಾಮಾ ಬರೂತನಕ ತಡೀರಿ ಕಾಕು. ಅವರ ಕೈಲೇ ಇಡಸ್ರಿ.”

ಕಾಕುನ ಮುಖ ಕೆಂಪಾಯಿತು. “ಬೆನ್ನಿಗೆ ಬಿದ್ದ ತಮ್ಮಗ ನಾ ಮಾತ ಕೊಡು ಅಂತ ಕೇಳಲೇನು? ತವರಮನಿ ಅಂದ್ರ ಕೋರ್ಟ್ ಅಂತ ತಿಳದೀಯೇನ ನೀ?”

ಬೆಂಕಿ ಹಚ್ಚಿದರು. ಭಟ್ಟಿ ಚೆನ್ನಾಗಿ ಬೆಂದಿತು.

ಆಮೇಲೆ ಬಂದದ್ದು ಒಳ್ಳೆಯ ಕಾಲ. ಸುಳ್ಳು ಯಾಕೆ ಹೇಳಲಿ, ನಾನು ಸೋತೆ ಎಂದುಕೊಂಡೆ, ಸೋತದ್ದು ಸುಖವಾಗಿತ್ತು. ಫರಸಿ ಬಂತು, ದೀಪ ಬಂತು. ಕಟ್ಟೆಯ ಮುಂದೆ ಗಾಡಿಗಳು ನಿಂತವು. ಅವ್ವ ಗಡಿಗೆಗಳಿಗೆ ಬಣ್ಣ ಬಳಿಯಲು ಕಲಿತಳು, ಸಂಜೆ ಬೆರಳ ತುದಿಗೆ ಕೆಂಪು ಹಚ್ಚಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು...

ಓಣಿ ಅಷ್ಟು ಚೆಂದವಾದದ್ದು ಬೇರೆಯವರ ಕಣ್ಣಿಗೂ ಬಿತ್ತು. ಗೋವಾಕ್ಕೆ ಹೋಗುವವರು ಒಂದು ರಾತ್ರಿ ಉಳಿಯಲು ವಸತಿಗೃಹ ಕಟ್ಟುತ್ತೇನೆಂದು ಒಬ್ಬ ಬಂದ. ಮಾಮಾನ ಜಾಗ ಕೇಳಿದ. ಮಾಮಾ ಖೋಲಿ ಖಾಲಿ ಮಾಡಿರಿ ಎಂದ.

ಕಾಕುನ ಅಂಗಳದಲ್ಲಿ ಓಣಿ ಸೇರಿತು. ನಾನು ಎಲ್ಲರ ಮುಂದೆ ಕೇಳಿದೆ: “ಮಾಮಾ, ನಿಮ್ಮ ಕುಳ್ಳು ಭಟ್ಟ್ಯಾಗ ಸುಟ್ಟೈತಿ. ಈಗ ಮಾತ ಹೆಂಗ ತಪ್ಪತೀರಿ?”

ಮಾಮಾ ಸಿಟ್ಟಾಗಲಿಲ್ಲ. ಖರೇ ಆಶ್ಚರ್ಯಪಟ್ಟ. “ನಾ ಎಲ್ಲಿ ಇಟ್ಟೇನವ್ವಾ ಕುಳ್ಳು? ನಾ ಊರಾಗ ಇರಲೇ ಇಲ್ಲ. ನನ್ನ ಕೇಳಿದವರು ಯಾರು?”

ಎಲ್ಲರ ಕಣ್ಣೂ ಕಾಕುನ ಕಡೆ ತಿರುಗಿದವು. ನಿನಗೆ ಹೇಳಿದ್ದೆನಲ್ಲ ಎಂದು ಅವರು ಒಂದು ಸುಳ್ಳು ಹೇಳಬಹುದಿತ್ತು. ಓಣಿ ಅವರನ್ನೇ ನಂಬುತ್ತಿತ್ತು.

“ಯಾರೂ ಕೇಳಿಲ್ಲ,” ಎಂದರು ಕಾಕು. “ನಾ ಇಟ್ಟೆ.”

ಸ್ಪರ್ಧೆಗಳಲ್ಲಿ ಎದುರಾಳಿಯ ವಾದದಲ್ಲಿ ಬಿರುಕು ಹುಡುಕುವುದನ್ನೇ ನಾನು ಕಲಿತದ್ದು. ಮಾಮಾನ ಮಾತಿನಲ್ಲಿ ಬಿರುಕಿರಲಿಲ್ಲ. ತೀರ್ಪುಗಾರಳಾಗಿದ್ದರೆ ನಾನೂ ಅವನಿಗೇ ಅಂಕ ಕೊಡಬೇಕಾಗುತ್ತಿತ್ತು. ಅಂಗಳದ ಮೂಲೆಯಲ್ಲಿ ಅವ್ವ ಬಣ್ಣದ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು.

ಮಾತು ಕೊಟ್ಟಿದ್ದ ಉಳಿದ ಮಾಲೀಕರು ಅದೇ ಅಂಗಳದಲ್ಲಿ ಹಗುರಾದರು. “ಸ್ವಂತ ತಮ್ಮನ ಹಿಡೀಲಿಕ್ಕೆ ಆಗಲಿಲ್ಲ, ನಮಗ ಮಾತ್ರ ಯಾಕ ಹಗ್ಗ?” ಎಂದನೊಬ್ಬ. ಮೊದಲು ನಮ್ಮ ಸಾಲು ಹೋಯಿತು. ಆಮೇಲೆ ಅವರವು ಒಂದೊಂದೇ. ಉಳಿದ ಮನೆಗಳ ಗಡಿಗೆ ಭಟ್ಟಿಯ ಅರ್ಧಕ್ಕೂ ಸಾಲದಾಯಿತು.

ನಮ್ಮ ಸಾಮಾನು ಟೆಂಪೋಕ್ಕೆ ಏರಿಸುವಾಗ ಕಾಕು ಬಂದರು. ಕ್ಷಮೆ ಕೇಳುತ್ತಾರೆ ಎಂದುಕೊಂಡೆ. ಅವರು ಅವ್ವನ ಮುಂದೆ ಕೈ ಒಡ್ಡಿದರು.

“ನಿಮ್ಮ ಮನಿದು ಒಂದು ಕುಳ್ಳು ಕೊಟ್ಟು ಹೋಗ ತಂಗಿ. ಮುಂದ ಭಟ್ಟಿ ಹಚ್ಚುಮುಂದ ನೀವು ಇರೂದಿಲ್ಲ.”

ಅವ್ವ ಒಲೆಯ ಪಕ್ಕ ಉಳಿದಿದ್ದ ಕುಳ್ಳು ಕೊಟ್ಟಳು. ಓಣಿ ಬಿಟ್ಟ ಪ್ರತಿಯೊಂದು ಮನೆಯಿಂದಲೂ ಹೀಗೆ ಒಂದು ಇಸಿದುಕೊಂಡರಂತೆ. ಭಟ್ಟಿ ಮತ್ತೆ ಹತ್ತಲಿಲ್ಲ.

ಕಳೆದ ವರ್ಷ ಕಾಕುನನ್ನು ಬೆಳಗಾವಿಯ ನೆಹರು ನಗರದ ಆಸ್ಪತ್ರೆಗೆ ತಂದಿದ್ದಾರೆ ಎಂದು ಕೇಳಿ ಹೋದೆ. ಹಾಸಿಗೆಯ ಬಳಿ ಹಗಲೂ ರಾತ್ರಿ ಕೂತಿದ್ದವನು ಮಾಮಾನೇ. ಗಂಜಿ ಕುಡಿಸುತ್ತಿದ್ದ, ಕಾಲು ಒತ್ತುತ್ತಿದ್ದ. ಅವನನ್ನು ದ್ವೇಷಿಸಲು ಹೋದವಳಿಗೆ ಅಷ್ಟು ಅನುಕೂಲವನ್ನೂ ಅವನು ಕೊಡಲಿಲ್ಲ. ಅವನು ಔಷಧಿ ತರಲು ಎದ್ದು ಹೋದಾಗ ಕಾಕು ನನ್ನ ಕೈ ಹಿಡಿದರು.

“ಕೇಳಿದ್ರ ಮಾತ ಕೊಡತಿದ್ದ ಏನೋ, ವಕೀಲಬಾಯಿ. ಒಲ್ಲೆ ಅಂದಗಿಂದಾನು ಅಂತ ಅಂಜಿ, ನಾ ಕೇಳಲೇ ಇಲ್ಲ... ಮರ್ಯಾದಿ ಅಂತ ಹೇಳಕೋತ ಅಡ್ಡ್ಯಾಡಿದೆ.”

ಕೊಡುತ್ತಿದ್ದನೇ? ಎರಡೂ ಪಕ್ಷ ವಾದಿಸಬಲ್ಲೆ. ಆ ದಿನ ಅವರ ಕೈಯನ್ನು ನನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡೆ. ಅವರ ಬೆರಳುಗಳಲ್ಲಿ ಆಗಲೇ ಬಿಸಿ ಕಡಿಮೆಯಾಗಿತ್ತು.

ಕಾಕು ತೀರಿದ ಮೇಲೆ ಖಾನಾಪುರಕ್ಕೆ ಒಯ್ದ ದಿನ, ಹೆಂಗಸರು ಸ್ಮಶಾನಕ್ಕೆ ಬರಬಾರದು ಎಂದರು. ವಾದ ಮಾಡಿ ಹೋದೆ. ಆ ಓಣಿಯಲ್ಲಿ ನಾನು ಗೆದ್ದ ಒಂದೇ ವಾದ ಅದು. ಚಿತೆಗೆ ಕುಳ್ಳು ಬೇಕಾದಾಗ ಮಾಮಾ ಕಾಕುನ ಮನೆಯ ಮೂಲೆಯಲ್ಲಿದ್ದ ಬುಟ್ಟಿಯನ್ನೇ ಹೊತ್ತು ತಂದಿದ್ದ. ಓಣಿ ಬಿಟ್ಟವರೆಲ್ಲ ಕೊಟ್ಟ ಕುಳ್ಳು, ನಮ್ಮದೂ ಅದರಲ್ಲಿ. ಎಲ್ಲ ಒಟ್ಟಿದ ಮೇಲೆ ತಾನು ಮನೆಯಿಂದ ತಂದಿದ್ದ ಒಂದನ್ನು ತೆಗೆದ. ಅದನ್ನು ಅಕ್ಕನ ಎದೆಯ ಹತ್ತಿರ, ತನ್ನ ಕೈಯಿಂದಲೇ ಇಟ್ಟ. ತುಟಿ ಅಲುಗಿತು. ಏನೆಂದನೋ ಕೇಳಿಸಲಿಲ್ಲ.

ಅಲ್ಲಿಗೆ ಎಲ್ಲ ತೀರಿತು ಎಂದು ಊರವರು ಕಣ್ಣೀರು ಹಾಕಿದರು. ನಾನೂ ಹಾಕಿದೆ, ಆದರೆ ಒಪ್ಪಲಿಲ್ಲ. ಓಣಿಯಲ್ಲಿ ಈಗ ನಮ್ಮ ಖೋಲಿಗಳಿದ್ದಲ್ಲಿ ವಸತಿಗೃಹವಿದೆ. ಭಟ್ಟಿಗೆ ಸುಣ್ಣ ಬಳಿದು, ಮುಂದೆ ಹೂಕುಂಡ ಇಟ್ಟಿದ್ದಾರೆ. ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

“ಕುಡದ ಮ್ಯಾಲ ಬುಟ್ಟ್ಯಾಗ ಒಗದ ಬಿಡ್ರಿ ಮೇಡಂ, ಒಡದ್ರೂ ನಡೀತೈತಿ,” ಎಂದ ಹಿಂದವಾಡಿಯ ಅಂಗಡಿಯವ. ಕಪ್ಪನ್ನು ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿದೆ. ತಳವನ್ನೂ ನೋಡಿದೆ. ಎಲ್ಲ ಕಡೆ ಒಂದೇ ಕೆಂಪು, ಅಚ್ಚುಕಟ್ಟು. ಎಲ್ಲಿಯೂ ಕರಿ ಮಚ್ಚೆ ಇರಲಿಲ್ಲ. ಯಾವ ಓಣಿಯ ಕೈಯೂ ಅದನ್ನು ಮುಟ್ಟಿರಲಿಲ್ಲ.